ಬದಲಿಗೆ ನಿಲ್ಲುವವಳು

ಲಿವರ್‌ಪೂಲ್, ಸಿಡ್ನಿ
14 ಆಗಸ್ಟ್ 2021

ಮಯ್ಸಾ,

ಒಂಬತ್ತು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ನಿನ್ನ ವಿಳಾಸ ನಿಮ್ಮಮ್ಮನ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿತ್ತು. ನನ್ನ ಕಣ್ಣಿಗೆ ಬೀಳಬಾರದೆಂದು ಅಲ್ಲಿಟ್ಟಿದ್ದಳೋ, ಒಂದು ದಿನ ನನಗೆ ಸಿಗಲಿ ಎಂದೇ ಇಟ್ಟಿದ್ದಳೋ ತಿಳಿಯದು.

ಅಮ್ಮ ಹೋದ ಸುದ್ದಿಯನ್ನು ಪಕ್ಕದ ಮನೆಯ ಫೌಜಿಯಾ ನಿನಗೆ ಫೋನ್ ಮಾಡಿ ಹೇಳಿದಳಂತೆ. ನಾನೇ ಹೇಳಬೇಕಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ಥೇಟ್ ಅಮ್ಮನದೇ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿನ್ನ ಜೊತೆ ಮಾತಾಡುವಾಗ, ಯಾವ ಮಾತು ಅವಳದು ಯಾವುದು ನಿನ್ನದು ಎಂದು ಹೊರಗೆ ಕೂತವನಿಗೆ ಗೊತ್ತಾಗುತ್ತಿರಲಿಲ್ಲ. ಈಗ ಆ ದನಿ ಕೇಳುವ ಶಕ್ತಿ ನನ್ನಲ್ಲಿಲ್ಲ. ಅದಕ್ಕೇ ಕಾಗದ.

ಒಂದು ಸಹಾಯ ಬೇಕು. ಜನಗಣತಿಯ ಫಾರ್ಮ್ ಮೇಜಿನ ಮೇಲಿದೆ. ಗಡುವು ದಾಟಿದೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ ಕಡೆ ‘ಒಂದು’ ಎಂದು ಬರೆಯಲು ನನಗೆ ಒಂದು ದಿನ ಹಿಡಿಯಿತು. ಧರ್ಮದ ಪ್ರಶ್ನೆಯಲ್ಲಿ ಸಾಲಾಗಿ ದೊಡ್ಡ ದೊಡ್ಡ ಹೆಸರುಗಳಿವೆ, ಪಕ್ಕದಲ್ಲಿ ಗೆರೆ ಎಳೆಯಲು ಚೌಕ. ನಮ್ಮದಿಲ್ಲ. ಕೊನೆಯಲ್ಲಿ ‘ಇತರೆ’ ಎಂದಿದೆ, ಅದರ ಕೆಳಗೆ ನಾವೇ ಬರೆಯಬೇಕು. ಪ್ರತಿ ಸಲ ಅಮ್ಮ ತುಂಬುತ್ತಿದ್ದಳು. ಮಂದಾಯಿ ಎಂಬ ನಮ್ಮ ಧರ್ಮದ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೋ ನನಗೆ ಬರುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಕಳಿಸು.

ಫೌಜಿಯಾಳನ್ನು ಕೇಳಬಹುದಿತ್ತು. ಕೇಳಲಿಲ್ಲ.

ಸೆಬ್ತಿ


ಜೆರಾಲ್ಡ್‌ಟನ್
29 ಆಗಸ್ಟ್ 2021

ಬಾಬಾ,

ಚೀಟಿ ಒಳಗಿದೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಹಾಗೇ ನೋಡಿ ಬರೆಯಿರಿ. ತಡವಾಗಿದ್ದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ನೀವು ಹೆಸರು ಹಾಕಿ ಮುಗಿಸಿದ್ದೀರಿ, ಅಪ್ಪನ ಹಾಗೆ ‘ಬಾಬಾ’ ಎಂದಲ್ಲ. ಇರಲಿ. ನಾನು ಬಾಬಾ ಎಂದೇ ಬರೆಯುತ್ತೇನೆ, ಬೇರೆ ಏನೆಂದು ಕರೆಯಬೇಕೋ ಗೊತ್ತಿಲ್ಲ.

ಅಮ್ಮ ಹೋದ ದಿನ ಇಲ್ಲಿಂದ ಹೊರಡಲು ನೋಡಿದೆ. ಕೊರೊನಾ ಎಂದು ಎರಡೂ ರಾಜ್ಯಗಳ ಗಡಿ ಮುಚ್ಚಿದ್ದರು. ನನ್ನ ಗಂಡ ಡೆಕ್ಲನ್ ಪೊಲೀಸರ ಹತ್ತಿರ ಹೋಗಿ ಕೇಳಿದ, ಸಾವಿನ ಕಾಗದ ತೋರಿಸಿ ಅಂದರು. ಕಾಗದ ನಿಮ್ಮ ಹತ್ತಿರ ಇತ್ತು.

ಒಂದೇ ಒಂದು ಪ್ರಶ್ನೆ. ಉಸಿರಿರುವಾಗಲೇ ಅಮ್ಮನಿಗೆ ಬಿಳಿ ಉಡುಪು ತೊಡಿಸಿದಿರಾ? ಫೌಜಿಯಾ ಆಂಟಿಯನ್ನು ಕೇಳಿದರೆ ಹವಾಮಾನದ ಮಾತು ತೆಗೆಯುತ್ತಾರೆ.

ಮಯ್ಸಾ


ಲಿವರ್‌ಪೂಲ್
19 ಸೆಪ್ಟೆಂಬರ್ 2021

ಮಯ್ಸಾ,

ಫಾರ್ಮ್ ಕಳಿಸಿದೆ. ನಿನ್ನ ಅಕ್ಷರ ನೋಡಿಕೊಂಡು ಅಂಗಡಿಯಲ್ಲಿ ಬೆಳ್ಳಿಯ ಮೇಲೆ ಕೆತ್ತುತ್ತಿದ್ದ ಹಾಗೆ ಒಂದೊಂದಾಗಿ ಬರೆದೆ.

ತೊಡಿಸಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಅದು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವರದು ಹೂವಿನ ಚಿತ್ರದ ಹತ್ತಿ ಅಂಗಿ, ಹಿಂದೆ ದಾರ ಕಟ್ಟುವುದು. ಅದರಲ್ಲೇ ಹೋದಳು. ಆಮೇಲೆ ಪೆಟ್ಟಿಗೆ ತೆರೆಯಲು ಬಿಡಲಿಲ್ಲ. ಬಿಳಿ ಉಡುಪನ್ನು ಪೆಟ್ಟಿಗೆಯ ಮೇಲೆ ಹೊದಿಸಿ, ಉತ್ತರಕ್ಕೆ ಮುಖ ಬರುವ ಹಾಗೆ ಇಳಿಸಿದೆವು. ಹತ್ತೇ ಜನ, ಎಲ್ಲರೂ ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತಿದ್ದರು. ಯಾರೂ ಅಳಲಿಲ್ಲ. ಅತ್ತರೆ ಆ ಕಣ್ಣೀರು ಹೊಳೆಯಾಗಿ ಅವಳ ದಾರಿಗೆ ಅಡ್ಡ ಬರುತ್ತದೆಂದು ಚಿಕ್ಕಂದಿನಿಂದ ಕೇಳಿದ್ದೇವಲ್ಲ.

ನಲವತ್ತೈದನೆಯ ದಿನ ದಾಟಿತು. ಈ ಹೊತ್ತಿಗೆ ಅವಳು ಬೆಳಕಿನ ಲೋಕ ತಲುಪಿರಬೇಕಿತ್ತು. ಉಡುಪಿಲ್ಲದವಳನ್ನು ಎಲ್ಲಿ ನಿಲ್ಲಿಸಿದ್ದಾರೋ.

ಪುರೋಹಿತರು ಒಂದು ದಾರಿ ಹೇಳಿದರು. ಮಾರ್ಚಿನಲ್ಲಿ ಬರುವ ಐದು ದಿನದ ಹಬ್ಬದಲ್ಲಿ ಉಡುಪು ಕೊಡುವ ವಿಧಿ ಮಾಡಬಹುದು. ಸತ್ತವಳ ಬದಲಿಗೆ ಬದುಕಿರುವ ಹೆಂಗಸೊಬ್ಬಳು ನದಿಯಲ್ಲಿ ಮುಳುಗಿ ಎದ್ದು ಆ ಉಡುಪು ತೊಟ್ಟು ನಿಲ್ಲಬೇಕು. ಅವಳು ತೊಟ್ಟರೆ ನಿನ್ನ ಅಮ್ಮ ನಾಜಿಹಾ ತೊಟ್ಟ ಹಾಗೆ. ನಿಲ್ಲುವವಳು ನಮ್ಮವಳಾಗಿರಬೇಕು, ನಮ್ಮವನನ್ನೇ ಮದುವೆಯಾಗಿರಬೇಕು, ಮಕ್ಕಳನ್ನು ಹೆತ್ತಿರಬೇಕು, ವಯಸ್ಸಿನಲ್ಲೂ ಹೆಚ್ಚುಕಡಿಮೆ ಹೊಂದಬೇಕು.

ಏಳು ಮನೆಗೆ ಹೋದೆ. ಬಾಗಿಲ ಹೊರಗೇ ನಿಂತು ಕೇಳಿದೆ. ಒಬ್ಬಳಿಗೆ ಮಂಡಿ ನೋವು, ಇನ್ನೊಬ್ಬಳಿಗೆ ಸಕ್ಕರೆ ಕಾಯಿಲೆ. ಮತ್ತೊಬ್ಬಳ ಮಗನೇ ಬಂದು ನಮ್ಮಮ್ಮನನ್ನು ಬಿಟ್ಟುಬಿಡಿ ಅಂದ. ಸತ್ತವರ ಜಾಗದಲ್ಲಿ ನಿಂತವರು ಬಹಳ ದಿನ ಬಾಳುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಇದೆ. ಫೌಜಿಯಾ ಮುಖದ ಮೇಲೇ ಹೇಳಿದಳು: “ಅಬೂ ಮಯ್ಸಾ, ನಾನಿನ್ನೂ ಸತ್ತಿಲ್ಲ ಕಣಪ್ಪಾ. ಮೊಮ್ಮಗಳ ಮದುವೆ ನೋಡ್ಬೇಕು ನಾನು. ಒಣನಿಂಬೆ ಚಹಾ ಮಾಡಿದ್ದೀನಿ, ಕುಡಿದು ಹೋಗು.” ಕುಡಿದು ಬಂದೆ.

ಜನ ಈಗಲೂ ನನ್ನನ್ನು ಅಬೂ ಮಯ್ಸಾ ಎಂದೇ ಕರೆಯುತ್ತಾರೆ. ಮಯ್ಸಾಳ ಅಪ್ಪ. ನೀನು ಹೊರಗಿನವನನ್ನು ಮದುವೆಯಾದ ಮೇಲೆ ಮನೆಯಲ್ಲಿ ನಿನ್ನ ಹೆಸರೆತ್ತಬಾರದು ಎಂದಿದ್ದೆ. ಬೀದಿಯಲ್ಲಿ ಮಾತ್ರ ದಿನಕ್ಕೆ ಹತ್ತು ಸಲ ಆ ಹೆಸರಿಗೇ ತಿರುಗಿ ನೋಡಿದೆ.

ಸೆಬ್ತಿ


ಜೆರಾಲ್ಡ್‌ಟನ್
6 ಅಕ್ಟೋಬರ್ 2021

ಬಾಬಾ,

ನಾನು ನಿಲ್ಲುತ್ತೇನೆ.

ಅಮ್ಮನಷ್ಟೇ ಎತ್ತರ ಇದ್ದೇನೆ. ಮಗುವನ್ನು ಹೆತ್ತಿದ್ದೇನೆ, ನಿಮ್ಮ ಮೊಮ್ಮಗಳು ಐವಿಗೆ ಆರು ವರ್ಷ. ನನಗೆ ಹೆದರಿಕೆ ಇಲ್ಲ. ಪುರೋಹಿತರನ್ನು ಕೇಳಿ.

ಉತ್ತರ ಏನು ಬರುತ್ತದೆಂದು ನನಗೆ ಗೊತ್ತು. ಆದರೂ ಕೇಳಿ. ನೀವು ನನಗಾಗಿ ಅವರನ್ನು ಏನಾದರೂ ಕೇಳಿದ್ದು ಇವತ್ತಿನವರೆಗೆ ಇಲ್ಲ.

ಐವಿಯ ತರಗತಿಯ ಗೋಡೆಯ ಮೇಲೆ ಒಂದು ಪಟ ಇದೆ. ‘ಜಗತ್ತಿನ ದೊಡ್ಡ ಧರ್ಮಗಳು’ ಅಂತ. ಐದು ಬಣ್ಣದ ವೃತ್ತಗಳು. ಅಜ್ಜಿಯದು ಯಾವ ಬಣ್ಣ ಎಂದು ಕೇಳಿದಳು. ನಾನು ಅವಳ ಟೀಚರಿಗೆ ನಮ್ಮ ವಿಷಯ ಹೇಳಿದೆ. ಎರಡು ಸಾವಿರ ವರ್ಷದಿಂದ ನದಿಯಲ್ಲಿ ಮುಳುಗುತ್ತಿದ್ದೇವೆ, ನಮ್ಮದೇ ಭಾಷೆ ಇದೆ, ನಮ್ಮದೇ ಪುಸ್ತಕ ಇದೆ ಅಂದೆ. ಪಾಪ, ಒಳ್ಳೆಯ ಹುಡುಗಿ. ಕೇಳಿಸಿಕೊಂಡಳು. “ಎಷ್ಟು ಚೆನ್ನಾಗಿದೆ. ಆದ್ರೆ ಪಟದಲ್ಲಿ ಜಾಗ ಇಷ್ಟೇ ಇರೋದು” ಅಂದಳು.

ಸಂಜೆ ಐವಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು ಬಂದೆ ಅಂದಳು. ಮರುದಿನ ಹೋಗಿ ನೋಡಿದೆ. ಇಟ್ಟಿದ್ದಾಳೆ. ನೊಣ ಕೂತ ಹಾಗಿದೆ.

ಮಯ್ಸಾ


ಲಿವರ್‌ಪೂಲ್
1 ನವೆಂಬರ್ 2021

ಮಯ್ಸಾ,

ಕೇಳಿದೆ. ಆಗದು ಅಂದರು. ಕೋಪದಿಂದಲ್ಲ, ಸುಸ್ತಾಗಿ ಅಂದರು. “ಅಬೂ ಮಯ್ಸಾ, ನಾನು ಒಬ್ಬಳಿಗೆ ಬಾಗಿಲು ತೆಗೆದರೆ ನಾಳೆ ನಲವತ್ತು ಜನ ಬರ್ತಾರೆ. ನಲವತ್ತು ಜನರಿಗೂ ತೆಗೆದರೆ ಬಾಗಿಲು ಅಂತ ಇರೋದಾದ್ರೂ ಯಾಕೆ?” ಅಂದರು. ನಾನು ಎದ್ದು ಮನೆಗೆ ಬಂದೆ.

ನಾನು ಸೈನ್ಯಕ್ಕೆ ಸೇರಿದಾಗ ಇರಾಕಿನ ಅಮಾರಾದ ಗುಮಾಸ್ತ ಧರ್ಮ ಕೇಳಿದ್ದ. ಹೇಳಿದೆ. ಪಟ್ಟಿ ನೋಡಿದ, ಇರಲಿಲ್ಲ. “ನೀವೆಷ್ಟು ಜನ ಇದ್ದೀರಿ?” ಅಂದ. ನಾನು ಹುಡುಗ, ಜಂಬಕ್ಕೆ ಹತ್ತು ಪಟ್ಟು ಹೆಚ್ಚಿಸಿ ಹೇಳಿದೆ. “ಅಷ್ಟೇನಾ?” ಅಂದು ನಕ್ಕು ಏನೋ ಬರೆದುಕೊಂಡ. ಏನು ಬರೆದನೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ಆಗೆಲ್ಲ ದೊಡ್ಡದು ಚಿಕ್ಕದು ಎಂದರೆ ತಲೆ ಎಣಿಕೆ ಎಂದೇ ತಿಳಿದಿದ್ದೆ. ಏಳು ಮನೆಯ ಬಾಗಿಲು ತಟ್ಟಿದ ಮೇಲೆ ಬೇರೆ ತರ ಕಾಣುತ್ತದೆ. ಒಬ್ಬಳು ಸತ್ತರೆ ಅವಳ ಬದಲು ನಿಲ್ಲಲು ಇನ್ನೊಬ್ಬಳು ಸುಲಭವಾಗಿ ಸಿಗುವಂಥದ್ದು ದೊಡ್ಡ ಧರ್ಮ. ಒಬ್ಬ ಮಗಳು ಎದ್ದು ಹೋದರೆ ಗೋಡೆಯಲ್ಲಿ ತೂತು ಬೀಳುವಂಥದ್ದು ಚಿಕ್ಕದು. ಪುಸ್ತಕದಲ್ಲಿ ಏನು ಬರೆದಿದ್ದಾರೋ ನನಗೆ ತಿಳಿಯದು.

ಇನ್ನೊಂದು ತೊಂದರೆ ಎದುರಾಗಿದೆ. ವಿಧಿಯಲ್ಲಿ ಅಮ್ಮನಿಗೆ ಪುರೋಹಿತರು ಇಟ್ಟ ದೀಕ್ಷೆಯ ಹೆಸರು ಹೇಳಬೇಕು, ಇಂಥವಳ ಮಗಳು ಇಂಥವಳು ಎಂದು. ಅವಳ ಹೆಸರು ಗೊತ್ತು. ಅವಳ ತಾಯಿಯ ದೀಕ್ಷೆಯ ಹೆಸರು ನನಗೆ ನೆನಪಿಲ್ಲ. ನಮ್ಮ ಮದುವೆಯ ದಿನ ಒಮ್ಮೆ ಕೇಳಿದ್ದು, ನಲವತ್ತೈದು ವರ್ಷವಾಯಿತು. ಅದನ್ನು ಬರೆದಿದ್ದ ಪುಸ್ತಕ ಇರಾಕಿನಲ್ಲೇ ಉಳಿಯಿತು. ಇಲ್ಲಿ ನದಿಗಿಳಿದಾಗಲೆಲ್ಲ ಅವಳೇ ಹೇಳಿಕೊಳ್ಳುತ್ತಿದ್ದಳು. ಹೆಸರು ತಪ್ಪಿದರೆ ಉಡುಪು ಬೇರೆ ಯಾರಿಗೋ ಹೋಗುತ್ತದಂತೆ.

ಬೆಳಗಾಗುವ ಮುಂಚೆ ಅವಳು ನಲ್ಲಿಯ ಹತ್ತಿರ ಮುಖ ತೊಳೆದು ಪ್ರಾರ್ಥನೆ ಹೇಳುವಾಗ ನೀನು ಪಕ್ಕದಲ್ಲಿ ನಿಂತಿರುತ್ತಿದ್ದೆ. ನಾನು ಅಷ್ಟು ಹೊತ್ತಿಗೆ ಅಂಗಡಿಗೆ ಹೋಗಿರುತ್ತಿದ್ದೆ. ನಿನಗೆ ಗೊತ್ತಿರಬೇಕು. ಬರೆದು ಕಳಿಸು.

ಸೆಬ್ತಿ


ಜೆರಾಲ್ಡ್‌ಟನ್
20 ನವೆಂಬರ್ 2021

ಬಾಬಾ,

ಹೆಸರು ಗೊತ್ತಿದೆ.

ಬರೆದು ಕಳಿಸುವುದಿಲ್ಲ. ಅದು ಕಾಗದದ ಮೇಲೆ ಬರೆಯುವ ಹೆಸರಲ್ಲ, ನೀರಿನ ಹತ್ತಿರ ಬಾಯಲ್ಲಿ ಹೇಳುವುದು ಎಂದು ಅಮ್ಮ ಹೇಳಿಕೊಟ್ಟಿದ್ದಳು. ನಾನು ಬಂದು ಹೇಳುತ್ತೇನೆ. ಬಾಗಿಲ ಹೊರಗೆ ನಿಲ್ಲಿ ಎಂದರೆ ಹೊರಗೇ ನಿಲ್ಲುತ್ತೇನೆ. ಆದರೆ ಅಲ್ಲಿ ನಾನಿರಬೇಕು.

ಇದನ್ನು ಹಟ ಎಂದು ನೀವು ಅನ್ನಬಹುದು. ಯಾರಿಂದ ಬಂತು ಎಂದು ಕೇಳಬೇಡಿ.

ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಆ ವಾರ್ಡಿನಲ್ಲಿ ನರ್ಸುಗಳು ಇರಲಿಲ್ಲವೇ? ಚೀಲವನ್ನು ಗೇಟಿನಲ್ಲಿ ಕೊಟ್ಟಿದ್ದರೆ ಒಳಗೆ ತಲುಪುತ್ತಿರಲಿಲ್ಲವೇ? ಇಲ್ಲಿನ ಆಸ್ಪತ್ರೆಯಲ್ಲಿ ಡೆಕ್ಲನ್‌ನ ಅಜ್ಜಿಗೆ ಜಪಸರ ಕೊಡಲು ನರ್ಸೇ ಓಡಾಡಿದಳು.

ಮಯ್ಸಾ


ಲಿವರ್‌ಪೂಲ್
12 ಡಿಸೆಂಬರ್ 2021

ಮಯ್ಸಾ,

ಎರಡು ವಾರ ಈ ಕಾಗದ ಬರೆದು ಹರಿದೆ.

ಆಂಬುಲೆನ್ಸ್ ಬಂದ ದಿನ ಬಿಳಿ ಉಡುಪು ಬೀರುವಿನಲ್ಲಿ ಒಗೆದು ಮಡಿಸಿಟ್ಟಿತ್ತು. ಅದನ್ನು ಜೊತೆಗೆ ಕಳಿಸಿದರೆ ತಾನು ಸಾಯುತ್ತೇನೆಂದು ಅವಳಿಗೆ ತಿಳಿದುಬಿಡುತ್ತದೆ ಎಂದು ಕಳಿಸಲಿಲ್ಲ. ಏಳನೆಯ ದಿನ ಚೀಲ ಹಿಡಿದು ಆಸ್ಪತ್ರೆಯ ಗೇಟಿಗೆ ಹೋದೆ. ಬೆಳಿಗ್ಗೆ ಹತ್ತು ಗಂಟೆ. ಕಾವಲಿನವನು ಒಳಗೆ ಫೋನ್ ಮಾಡಿದ. ಜೊಸೆಲಿನ್ ಎಂಬ ನರ್ಸ್ ಮಾತಾಡಿದಳು. ಫಿಲಿಪೀನ್ಸ್‌ನವಳಂತೆ. “ಅಂಕಲ್, ಚೀಲ ಕೊಟ್ಟು ಕಳಿಸಿ. ಹೇಗೆ ಹಾಕ್ಬೇಕು ಅಂತ ನೀವು ಫೋನಲ್ಲೇ ಹೇಳ್ತಾ ಹೋಗಿ, ನಾನು ಹಾಕ್ತೀನಿ. ಟೈಮ್ ಜಾಸ್ತಿ ಇಲ್ಲ” ಅಂದಳು.

ನಾನು ಬೇಡ ಅಂದೆ.

ನಮ್ಮವರೇ ತೊಡಿಸಬೇಕು, ಹೊರಗಿನ ಕೈ ಮುಟ್ಟಬಾರದು ಅಂದೆ. “ನಿಮ್ಮವರು ಇಲ್ಲಿ ಯಾರಿದ್ದಾರೆ ಅಂಕಲ್?” ಅಂದಳು. ಯಾರೂ ಇರಲಿಲ್ಲ. ಪುರೋಹಿತರಿಗೆ ಅನುಮತಿ ಸಿಗಬಹುದು ಎಂದು ಕಾದೆ. ಮಧ್ಯಾಹ್ನ ನಾಲ್ಕಕ್ಕೆ ಅವಳೇ ಫೋನ್ ಮಾಡಿ ಹೇಳಿದಳು. ಚೀಲ ಬಿಚ್ಚದೆ ಮನೆಗೆ ತಂದೆ.

ಆಮೇಲೆ ಪುರೋಹಿತರನ್ನು ಕೇಳಿದೆ. “ಸಾಯುವವಳಿಗೆ ಯಾವ ಕೈಯಾದರೇನು, ಕೊಡಬೇಕಿತ್ತು” ಅಂದರು. ನಿಯಮಕ್ಕಿಂತ ನಾನೇ ಬಿಗಿಯಾಗಿದ್ದೆ. ನಿನ್ನ ವಿಷಯದಲ್ಲೂ ಹಾಗೇ ಆಯಿತೋ ಏನೋ. ಹೊರಗಿನವನನ್ನು ಮದುವೆಯಾದವಳನ್ನು ನದಿಗೆ ಇಳಿಸಬೇಡಿ ಎಂದಿದೆ. ಫೋನ್ ಎತ್ತಬೇಡಿ ಎಂದು ಎಲ್ಲೂ ಇಲ್ಲ.

ಇದನ್ನು ಮೊದಲು ಫೌಜಿಯಾಗೆ ಹೇಳಿದೆ, ನಿನಗೆ ಹೇಳುವ ಧೈರ್ಯ ಬರಲಿ ಎಂದು. ಅವಳು ಚಹಾ ಲೋಟ ಕೆಳಗಿಟ್ಟಳು. “ನಿನ್ನ ಬಿಗಿಗೆ ಅವಳು ಅಲ್ಲಿ ಬರೀ ಮೈಯಲ್ಲಿ ನಿಂತಿದ್ದಾಳೆ, ಅಲ್ವಾ?” ಅಂದಳು. ನಾನು ಹೌದು ಅಂದೆ. “ಸರಿ, ನಾನು ನಿಲ್ತೀನಿ. ನಿನ್ನ ಮುಖ ನೋಡಿ ಅಲ್ಲ. ಮೂವತ್ತು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೀನಿ. ಆದ್ರೆ ನಾನೇನಾದ್ರೂ ಸತ್ತರೆ ನಿನ್ನನ್ನ ಸುಮ್ಮನೆ ಬಿಡಲ್ಲ.”

ನಿಲ್ಲುವವಳು ಸಿಕ್ಕಳು. ಹೆಸರು ನಿನ್ನ ಹತ್ತಿರ ಇದೆ. ಬಾ.

ಬಾಬಾ


ಜೆರಾಲ್ಡ್‌ಟನ್
20 ಫೆಬ್ರುವರಿ 2022

ಬಾಬಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳಾಯಿತು. ಮೊದಲ ತಿಂಗಳು ಕೋಪ ಇತ್ತು. ಆಮೇಲೆ ಅದೂ ಸುಸ್ತಾಯಿತು.

ಮಾರ್ಚ್ ಮೂರಕ್ಕೆ ಇಲ್ಲಿಯ ಗಡಿ ತೆರೆಯುತ್ತಾರಂತೆ. ಹನ್ನೆರಡಕ್ಕೆ ಟಿಕೆಟ್ ಸಿಕ್ಕಿದೆ. ಒಬ್ಬಳೇ ಬರುತ್ತೇನೆ. ನನ್ನ ಹಳೆಯ ಕೋಣೆಯಲ್ಲಿ ಏನು ತುಂಬಿದ್ದೀರೋ, ಅದನ್ನು ಸರಿಸುವುದು ಬೇಡ. ಸೋಫಾ ಸಾಕು.

ಮಯ್ಸಾ


ಲಿವರ್‌ಪೂಲ್
27 ಮಾರ್ಚ್ 2022

ಮಯ್ಸಾ, ಮಗಳೇ,

ನೀನು ಹೋದ ಮೇಲೆ ಸೋಫಾದ ಹೊದಿಕೆ ಇನ್ನೂ ಮಡಿಸಿಲ್ಲ.

ಇಲ್ಲಿದ್ದ ಆರು ದಿನದಲ್ಲಿ ನಾವಿಬ್ಬರೂ ಅಕ್ಕಿ ಎಷ್ಟು ಹಾಕಬೇಕು, ಒಲೆ ಯಾಕೆ ಹೊತ್ತುತ್ತಿಲ್ಲ ಎಂಬುದನ್ನು ಬಿಟ್ಟು ಹೆಚ್ಚು ಮಾತಾಡಲಿಲ್ಲ. ಅದು ಹಾಗೇ ಇರಲಿ. ಆದರೆ ವಿಧಿಯ ದಿನ ನೀನು ಹೊರಗಿನವಳಾಗಿ ಬೇಲಿಯ ಆಚೆ ದಂಡೆಯ ಮೇಲಿದ್ದೆ. ಈಚೆ ನಡೆದದ್ದು ನಿನಗೆ ಕಂಡಿರಲಾರದು. ಅದನ್ನು ಬರೆಯುತ್ತೇನೆ.

ಮಳೆಗೆ ನೆಪಿಯನ್ ನದಿ ಉಕ್ಕಿ ಇಳಿದಿತ್ತಷ್ಟೆ. ನೀರು ಚಹಾದ ಬಣ್ಣ. ಮರದ ಕೊಂಬೆಗಳು, ಯಾರದೋ ಪ್ಲಾಸ್ಟಿಕ್ ಕುರ್ಚಿ ತೇಲಿ ಹೋಗುತ್ತಿದ್ದವು. ಫೌಜಿಯಾ ಮೆಟ್ಟಿಲ ಮೇಲೆ ನಿಂತು, “ಇದರಲ್ಲಿ ಮುಳುಗಿದರೆ ನಾಜಿಹಾಗೆ ಬಟ್ಟೆ ಕೊಡೋದಲ್ಲ, ಅವಳ ಪಕ್ಕದಲ್ಲೇ ಹೋಗಿ ಕೂರ್ತೀನಿ” ಅಂದಳು. ಪುರೋಹಿತರೂ ನಕ್ಕರು. ಆಮೇಲೆ ಅವಳು ನಮ್ಮ ಯಾರ ಮುಖವನ್ನೂ ನೋಡದೆ ಇಳಿದಳು. ಮೂರು ಸಲ ಮುಳುಗಿದಳು. ಒಂದೊಂದು ಸಲವೂ ನಾನು ಉಸಿರು ಹಿಡಿದೆ.

ಮೇಲೆ ಬಂದು ಉಡುಪು ತೊಟ್ಟಳು. ತೋಳು ಉದ್ದವಾಯಿತು. ಅಮ್ಮನ ಅಳತೆಗೆ ಹೊಸದಾಗಿ ಹೊಲಿಸಿದ್ದಲ್ಲವೇ. ಪುರೋಹಿತರು ಹೆಸರು ಹೇಳುವ ಕಡೆ ಬಂದು ನಿಂತು ನನ್ನ ಕಡೆ ನೋಡಿದರು. ನಾನು ಬೇಲಿಯ ಕಡೆ ನೋಡಿದೆ. ನಿನ್ನನ್ನು ಕರೆಯಲು ಕೈ ಎತ್ತಿದೆ.

ಅಷ್ಟರಲ್ಲಿ ನೀನು ಹೇಳಿದೆ. ಇಂಥವಳ ಮಗಳು ಇಂಥವಳು. ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ. ಅಮ್ಮ ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದದ್ದು ಹೀಗೇ ಇದ್ದಿರಬೇಕು. ನಾನು ಅದನ್ನು ಒಂದು ದಿನವೂ ನಿಂತು ಕೇಳಿದವನಲ್ಲ. ಫೌಜಿಯಾ ತಟ್ಟನೆ ತಿರುಗಿದಳು. “ನಾಜಿಹಾನೇ ಕರೆದ ಹಾಗಾಯ್ತು” ಅಂದಳು. ಪುರೋಹಿತರು ಬೇಲಿಯ ಕಡೆ ತಿರುಗಿ ನೋಡಿದರು. ಹೊರಗಿನಿಂದ ಬಂದ ಹೆಸರನ್ನು ಒಳಗೆ ತೆಗೆದುಕೊಳ್ಳಬಹುದೋ ಬಾರದೋ ಎಂದು ಯೋಚಿಸಿದರೋ ಏನೋ. ಆಮೇಲೆ ನೀನು ಹೇಳಿದ ಹಾಗೇ, ಅಕ್ಷರ ಬಿಡದೆ, ಹೇಳಿದರು.

ಅಮ್ಮ ಉಟ್ಟುಕೊಂಡಳು ಎಂದು ನನಗೆ ಆಗ ಅನ್ನಿಸಿತು. ನಾನು ನೀರಿಗೆ ಇಳಿದು ಮುಖ ತೊಳೆದುಕೊಂಡೆ.

ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಈಗ ಅದು ನನಗೆ ಬರುತ್ತದೆ.

ಫೌಜಿಯಾಗೆ ನೆಗಡಿ ಆಗಿದೆ. ದಿನಕ್ಕೆರಡು ಸಲ ನನ್ನನ್ನು ಕರೆಸಿ ಕೆಮ್ಮಿ ತೋರಿಸುತ್ತಾಳೆ.

ಬಾಬಾ


ಜೆರಾಲ್ಡ್‌ಟನ್
17 ಏಪ್ರಿಲ್ 2022

ಬಾಬಾ,

ಆಂಟಿಗೆ ಜೇನು ಹಾಕಿ ಕೊಡಿ. ಅವರು ಸಾಯುವುದಿಲ್ಲ.

ಒಂದು ವಿಷಯ ಅಲ್ಲಿದ್ದಾಗ ಹೇಳಲಿಲ್ಲ. ಜನಗಣತಿಯ ದಿನ ನಮ್ಮ ಮನೆಯ ಫಾರ್ಮಿನಲ್ಲಿ ಡೆಕ್ಲನ್ ಕ್ಯಾಥೊಲಿಕ್ ಎಂಬ ಚೌಕಕ್ಕೆ ಗೆರೆ ಎಳೆದ. ನಾನು ಇತರೆ ಎಂಬ ಕಡೆ ನಮ್ಮ ಹೆಸರು ಬರೆದೆ. ಪ್ರತಿ ಸಲವೂ ಹಾಗೇ ಬರೆದಿದ್ದೇನೆ. ಸರ್ಕಾರದ ಲೆಕ್ಕದಲ್ಲಿ ನಾನು ಎಂದೂ ಹೊರಗೆ ಹೋಗಿಲ್ಲ. ಐವಿಯ ಕಡೆ ಖಾಲಿ ಬಿಟ್ಟೆ.

ಊರಿಗೆ ಬಂದ ಮೇಲೆ ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತು ಮುಖ ತೊಳೆದು ಹೇಳಿಕೊಳ್ಳಲು ಶುರು ಮಾಡಿದ್ದೇನೆ. ನನ್ನ ಹೆಸರು ಹೇಳಿದರೆ ಅದರೊಳಗೆ ಅಮ್ಮನ ಹೆಸರೂ ಬರುತ್ತದಲ್ಲ. ಐವಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನಿಲ್ಲುತ್ತಾಳೆ. ನಿನ್ನೆ ಕೇಳಿದಳು: “ನೀನು ಅಜ್ಜಿಯ ಮಗಳು. ನಾನು ನಿನ್ನ ಮಗಳು. ಹಾಗಾದ್ರೆ ನನ್ನ ಹೆಸರು ಏನು ಹೇಳ್ಕೋಬೇಕು?”

ಅವಳಿಗೆ ದೀಕ್ಷೆಯ ಹೆಸರಿಲ್ಲ, ಇಡುವವರೂ ಇಲ್ಲ ಎಂದು ಹೇಳಲಾಗಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮಕ್ಕಳು ಮರೆಯುವುದಿಲ್ಲ, ಬಾಬಾ.

ಮಯ್ಸಾ


ಲಿವರ್‌ಪೂಲ್
8 ಮೇ 2022

ಮಯ್ಸಾ, ಮಗಳೇ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಪುರೋಹಿತರ ಹತ್ತಿರ ಹೋದೆ. ಐವಿಗೆ ಹೆಸರಿಡಬಹುದೇ ಎಂದು ಕೇಳಿದೆ. ಆಗದು ಅಂದರು. ಎರಡು ಸಾವಿರ ವರ್ಷದ ನಿಯಮ ಅಂದರು. ಗೊತ್ತು ಅಂದೆ. ಹಾಗಿದ್ದರೆ ಯಾಕೆ ಕೇಳುತ್ತೀಯ ಅಂದರು.

“ನಿಮ್ಮ ಪಟ್ಟಿಯಲ್ಲಿ ಇಲ್ಲದವಳೇ ಅವತ್ತು ದಂಡೆಯಿಂದ ಹೆಸರು ಹೇಳಿದ್ದು. ಅವಳು ಇಲ್ಲದಿದ್ದರೆ ಆ ಉಡುಪು ಎಲ್ಲಿಗೆ ಹೋಗುತ್ತಿತ್ತು?” ಅಂದೆ. ಅವರು ಗಡ್ಡ ನೀವಿಕೊಂಡರು. ಅವರೂ ಮುದುಕರಾಗಿದ್ದಾರೆ. ಆಮೇಲೂ ಆಗದು ಅಂದರು. ಆದರೆ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಹಿಂದೆಂದೂ ಬಂದಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ. ಅದರ ಮುಂದಿನ ಭಾನುವಾರವೂ. ನನಗೆ ಬೇರೆ ಕೆಲಸವಿಲ್ಲ.

ಅಲ್ಲಿಯವರೆಗೆ ಐವಿಗೆ ಹೀಗೆ ಹೇಳು. ಅವಳ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು, ‘ಇಂಥವಳ ಮಗಳು’ ಎಂಬಷ್ಟನ್ನು, ನಿನ್ನ ಹೆಸರನ್ನು, ಹೇಳಿಕೊಳ್ಳಲಿ. ಹೆಸರಿನ ಆ ಭಾಗವನ್ನು ಯಾರೂ ಕೊಡಬೇಕಾಗಿಲ್ಲ. ಹುಟ್ಟಿದಾಗಲೇ ಬಂದಿರುತ್ತದೆ.

ಈ ಕಾಗದ ಸಿಕ್ಕ ಮರುದಿನ ಬೆಳಿಗ್ಗೆ ನೀವಿಬ್ಬರೂ ಮುಖ ತೊಳೆಯುವ ಹೊತ್ತಿಗೆ ಫೋನ್ ಮಾಡಿ ಪಕ್ಕದಲ್ಲಿಟ್ಟುಕೊಳ್ಳಿ. ನನ್ನ ಜೊತೆ ಮಾತಾಡಬೇಕಾಗಿಲ್ಲ. ಸುಮ್ಮನೆ ಹೇಳಿಕೊಳ್ಳಿ. ನಾನು ಎತ್ತುತ್ತೇನೆ.

ಬಾಬಾ